ಹೆಗಲ ಮೇಲಿನ ಬಿಳಿ ಪುಡಿ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದವನೇ. ಅದು ನನ್ನ ಮೇಲೆಯೇ ಬಂದು ಕೂತದ್ದು ಮಾತ್ರ ಐವತ್ತಾರನೆಯ ವಯಸ್ಸಿನಲ್ಲಿ, ಊರಿನಿಂದ ಬಲು ದೂರದ ತಾಂಡೂರಿನಲ್ಲಿ. ಕದ್ದವನು ನಾನಲ್ಲ. ಆದರೆ ಹೆಗಲ ಮೇಲೆ ಬಿಳಿ ಪುಡಿ ಇದ್ದದ್ದು ನಿಜ.

ತಾಂಡೂರು ಎಂದರೆ ನಮ್ಮ ಕಡೆಯವರಿಗೆ ನೆಲಕ್ಕೆ ಹಾಸುವ ಕಲ್ಲಿನ ಹೆಸರು. ಅಲ್ಲಿನವರು ಅದನ್ನು ಫರಸಿ ಎನ್ನುತ್ತಾರೆ. ಆ ಸುಣ್ಣದ ಕಲ್ಲಿನ ಕಾರಣದಿಂದಲೇ ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು, ಅಂಥದೊಂದರ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿ ನಾನೂ ಹೋದೆ. ಹೋದ ಮೇಲೆ ಗೊತ್ತಾಯಿತು, ನಮಗೂ ಅವರಿಗೂ ಒಂದು ತಾರೀಕಿನ ನಂಟು ಉಂಟೆಂದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಗುಲ್ಬರ್ಗ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಜೊತೆಗೆ ಉರ್ದು. ಹೀಗೆ ಬದುಕುವ ಕುಟುಂಬಗಳು ಅಲ್ಲಿ ಇಂದಿಗೂ ಇವೆ. ನಮ್ಮ ಪಕ್ಕದ ಮನೆಯೂ ಅಂಥದೇ. ಆ ಮನೆಯ ಯಜಮಾನರನ್ನು ನಾವು ಕಾಕಾ ಎಂದೂ, ಅವರ ಮನೆಯವರನ್ನು ಕಾಕಿ ಎಂದೂ ಕರೆಯುತ್ತಿದ್ದೆವು. ಕಾಕಾರ ಹೊಲ ಜಹೀರಾಬಾದಿನ ಬಳಿ, ಮಗಳನ್ನು ಕೊಟ್ಟದ್ದು ನಾರಾಯಣಖೇಡಕ್ಕೆ, ಮಗನ ಅಂಗಡಿಯ ಸಲುವಾಗಿ ವಾಸ ತಾಂಡೂರಿನಲ್ಲಿ.

ಅಪ್ಪ ತೀರಿಕೊಂಡ ಮೇಲೆ, 2018ರ ಬೇಸಗೆಯಲ್ಲಿ ಅಮ್ಮನನ್ನು ತಾಂಡೂರಿಗೆ ಕರೆದುಕೊಂಡು ಹೋದೆ. ಊರಿನ ತೋಟವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಅಮ್ಮನಿಗೆ ಬರುವ ಮನಸ್ಸಿರಲಿಲ್ಲ. ಬಂದವಳ ಸೆರಗಿನ ಗಂಟಿನಲ್ಲಿ ಹತ್ತು ಬೀಜಗಳಿದ್ದವು, ನಮ್ಮ ಮನೆಯ ಚೀನಿಕಾಯಿಯ ಬೀಜಗಳು. ಸಿಹಿಗುಂಬಳವನ್ನು ನಾವು ಹಾಗೆ ಕರೆಯುವುದು. ಪಕ್ಕದ ತುಳುವರಿಗೆ ಅದು ಕೆಂಬುಡೆ, ಮಲಯಾಳಿಗಳಿಗೆ ಮತ್ತನ್. ಆ ಬಳ್ಳಿ ಅಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು. ಕಾಯಿ ಎಂಟು ಹತ್ತು ಕಿಲೊ ತೂಗುತ್ತಿತ್ತು. ತಿರುಳು ಅರಸಿನ ಅರೆದಂತೆ. ಕೊದಿಲು ಮಾಡಿದರೆ ಬೆಲ್ಲ ಹಾಕಬೇಕಾಗಿರಲಿಲ್ಲ.

ಬಂದ ಮೊದಲ ತಿಂಗಳು ಅಮ್ಮ ಹೆಚ್ಚು ಮಾತಾಡಲಿಲ್ಲ. ಕಾಕಿಯ ಕನ್ನಡ ಅವಳಿಗೆ ತಿಳಿಯದು, ಅವಳ ಕನ್ನಡ ಕಾಕಿಗೆ ತಿಳಿಯದು. ಇಬ್ಬರೂ ನಕ್ಕು ಸುಮ್ಮನಾಗುವರು. ಮಧ್ಯಾಹ್ನವೆಲ್ಲ ಹಿತ್ತಿಲ ಬಾಗಿಲಲ್ಲಿ ಕೂತು ಕಪ್ಪು ಮಣ್ಣನ್ನು ನೋಡುತ್ತಿದ್ದಳು. ಬೇಸಗೆಗೆ ಆ ಎರೆ ಮಣ್ಣು ಬಿರಿದು ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. "ಇದರಲ್ಲಿ ಎಂತ ಬೆಳೆಯುತ್ತದೆ?" ಎಂದು ಒಂದು ದಿನ ಕೇಳಿದಳು. ಅವಳು ಒಂದು ಪ್ರಶ್ನೆ ಕೇಳಿದಳಲ್ಲ ಎಂಬ ಸಂತೋಷಕ್ಕೆ ನಾನು ಅಗತ್ಯಕ್ಕಿಂತ ದೊಡ್ಡ ಉತ್ತರ ಕೊಡಲು ಹೊರಟೆ.

ಆ ದಿನಗಳಲ್ಲಿ ನಾನು ದೈತ್ಯ ಕುಂಬಳಗಳ ಬಗ್ಗೆ ಓದಿದ್ದೆ. 2016ರಲ್ಲಿ ಬೆಲ್ಜಿಯಂನ ಬೆಳೆಗಾರರೊಬ್ಬರ ಕಾಯಿ 1,190 ಕಿಲೊ ತೂಗಿತ್ತು. (2023ರಲ್ಲಿ ಅಮೆರಿಕದಲ್ಲಿ ತೂಗಿದ ಕಾಯಿ 1,246 ಕಿಲೊ ದಾಟಿತು.) ಅಂಥ ಕಾಯಿ ಬೆಳೆಯುವವರು ಮಣ್ಣಿಗೆ ಜಿಪ್ಸಂ ಹಾಕುತ್ತಾರೆಂದೂ, ಅದರಿಂದ ಗಟ್ಟಿ ಜೇಡಿ ಸಡಿಲವಾಗುವುದೆಂದೂ ಅಲ್ಲಿ ಬರೆದಿತ್ತು. ಜಿಪ್ಸಂ ನನಗೆ ಹೊಸದೇ? ಕ್ಲಿಂಕರ್ ಅರೆಯುವಾಗ ಸ್ವಲ್ಪ ಜಿಪ್ಸಂ ಸೇರಿಸದಿದ್ದರೆ ಸಿಮೆಂಟು ನೀರು ಬಿದ್ದೊಡನೆ ಗಟ್ಟಿಯಾಗಿಬಿಡುತ್ತದೆ. ದಿನಕ್ಕೆ ಎಷ್ಟೋ ಸಲ ನಾನು ಅದರ ಮಾದರಿ ಪರೀಕ್ಷಿಸುತ್ತಿದ್ದವನು. ಕ್ಯಾಲ್ಸಿಯಂ ಸಲ್ಫೇಟು, ಜೊತೆಗೆ ಎರಡು ಅಣು ನೀರು. ಇದರ ಬಗ್ಗೆ ನನಗೆ ಯಾರು ಹೇಳಿಕೊಡಬೇಕು?

ಅಮ್ಮ ಮಾತ್ರ ತನ್ನ ಪಾಡಿಗೆ, "ಸ್ವಲ್ಪ ಸುಣ್ಣ, ಒಲೆಯ ಬೂದಿ ಹಾಕು ಮಗಾ, ಊರಲ್ಲಿ ಹಾಗೇ ಮಾಡುವುದು" ಎಂದಳು. ನಾನು ವಿಜ್ಞಾನ ಹೇಳಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ತೊಳೆಯುವ ನಮ್ಮ ಮುರಕಲ್ಲಿನ ಮಣ್ಣು ಹುಳಿ, ಅದಕ್ಕೆ ಸುಣ್ಣ ಬೇಕು. ತಾಂಡೂರಿನ ಮಣ್ಣಿನಲ್ಲಿ ಸುಣ್ಣದ ಹರಳುಗಳೇ ತುಂಬಿವೆ, ಇನ್ನೂ ಸುಣ್ಣ ಹಾಕುವುದು ಮೂರ್ಖತನ ಎಂದೆ. ಹೇಳಿದ್ದು ಸರಿಯಾಗಿತ್ತು. ಆದರೆ ಸುಣ್ಣವೇ ತುಂಬಿದ ಮಣ್ಣಿಗೆ ಜಿಪ್ಸಂ ತರುವ ಕ್ಯಾಲ್ಸಿಯಂ ಏಕೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ.

ಗೊಬ್ಬರದಂಗಡಿಯಿಂದ ಐವತ್ತು ಕಿಲೊ ಮೂಟೆ ತಂದೆ. ಮೂಟೆಯ ಮೇಲೆ ತೆಲುಗಿನಲ್ಲೂ ಹಿಂದಿಯಲ್ಲೂ ಏನೋ ಅಚ್ಚಾಗಿತ್ತು. ತೆಲುಗು ನನಗೆ ಓದಲು ಬಾರದು, ಹಿಂದಿ ಓದುವ ತಾಳ್ಮೆ ಇರಲಿಲ್ಲ. ಎರಡು ಆಳವಾದ ಗುಂಡಿ ತೋಡಿ, ಅರ್ಧ ಮೂಟೆಯನ್ನು ಮಣ್ಣಿನೊಂದಿಗೆ ಕಲಸಿ ತುಂಬಿದೆ. ಜಿಪ್ಸಂ ಸುಲಭದಲ್ಲಿ ಕರಗುವುದಿಲ್ಲ. ಒಂದು ಲೀಟರ್ ನೀರಿಗೆ ಎರಡೂವರೆ ಗ್ರಾಮು ಕರಗಿದರೆ ಹೆಚ್ಚು. ಇಪ್ಪತ್ತೈದು ಕಿಲೊ ಕರಗಬೇಕಾದರೆ ಹತ್ತು ಸಾವಿರ ಲೀಟರ್, ಎಂದರೆ ಇನ್ನೂರು ಲೀಟರಿನ ಐವತ್ತು ಡ್ರಮ್ಮು ನೀರು. ಈ ಲೆಕ್ಕವನ್ನು ನಾನು ಹೆಮ್ಮೆಯಿಂದ ಕಾಗದದ ಮೇಲೆ ಮಾಡಿದೆ. ಜೂನಿನಲ್ಲಿ ಹತ್ತು ಬೀಜಗಳಲ್ಲಿ ಆರನ್ನು ಊರಿ, ಮಳೆ ಬಂದ ದಿನ ಬಿಟ್ಟು ಉಳಿದ ದಿನವೆಲ್ಲ ಬೆಳಗ್ಗೆ ಸಂಜೆ ನೀರು ಹೊಯ್ದೆ.

ಆರೂ ಮೊಳೆತವು. ಮೂರು ವಾರ ಚೆನ್ನಾಗಿದ್ದವು. ನಾಲ್ಕನೆಯ ವಾರ ಎಲೆ ಹಳದಿಯಾಗಿ, ಬುಡ ಕೊಳೆತು, ಒಂದರ ಹಿಂದೆ ಒಂದು ಮಲಗಿದವು. ಕಾಕಾ ಬಂದು ಬುಡದ ಮಣ್ಣನ್ನು ಕೆದಕಿ ಮೂಗಿನ ಹತ್ತಿರ ಹಿಡಿದರು. ಕೆಟ್ಟ ವಾಸನೆ. "ಸರ, ಎರಿ ಮಣ್ಣಾಗ ಗುಂಡಿ ತೋಡಿ ನೀರು ಹಾಕಿದ್ರ ಅದು ಬಾವಿ ಆಗ್ತದ. ಬೇರು ಉಸಿರು ಹ್ಯಾಂಗ ಬಿಡಬೇಕ್ರಿ?" ಎಂದರು. ಅಮ್ಮ ಬಾಗಿಲಲ್ಲೇ ನಿಂತು, "ಯಾರು ಅಷ್ಟು ನೀರು ಹೊಯ್ದದ್ದು?" ಎಂದು ಕೇಳಿದಳು. ಯಾರೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ನಾನು ಉತ್ತರ ಹೇಳದೆ, ಆಗಷ್ಟೇ ಮೂಟೆಯನ್ನು ಪಡಸಾಲೆಗೆ ಸರಿಸಿದ್ದರಿಂದ ಹೆಗಲಿಗೆ ಹತ್ತಿದ್ದ ಬಿಳಿ ಪುಡಿಯನ್ನು ಕೊಡವಿಕೊಂಡೆ. ಕಾಕಾ ನಕ್ಕುಬಿಟ್ಟರು. ನಾವು ಹೇಳುವ ಗಾದೆಯನ್ನೇ ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. ಬೂದುಗುಂಬಳ ಹೊತ್ತವನ ಹೆಗಲಿಗೆ ಅದರ ಬೂದಿ ಅಂಟುತ್ತದೆ, ಕದ್ದವನು ಅದಕ್ಕೇ ಮುಟ್ಟಿ ನೋಡಿಕೊಳ್ಳುವುದು. ಎರಡು ಭಾಷೆಯಲ್ಲೂ ಕಳ್ಳ ಸಿಕ್ಕಿಬೀಳುವುದು ಒಂದೇ ರೀತಿ.

ಅಮ್ಮ ನಗಲಿಲ್ಲ. ಉಳಿದ ನಾಲ್ಕು ಬೀಜಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಆ ವರ್ಷ ಊರಿನಲ್ಲಿ ತಮ್ಮ ಚೀನಿಕಾಯಿ ಹಾಕಿರಲಿಲ್ಲ. ಎಂದರೆ, ಅತ್ತೆಯಿಂದ ಬಂದ ಆ ಬಳ್ಳಿ ಲೋಕದಲ್ಲಿ ಉಳಿದದ್ದು ಆ ಗಂಟಿನೊಳಗೆ ಮಾತ್ರ. ಇದನ್ನು ಅವಳು ನನಗೆ ಹೇಳಲಿಲ್ಲ. ತಮ್ಮನಿಗೆ ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡೆ.

2019ರ ಸಂಕ್ರಾಂತಿ ಕಳೆದು ಕಾಕಾ ನಮ್ಮನ್ನು ಜಹೀರಾಬಾದಿನ ಬಳಿಯ ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ದಾರಿಯಲ್ಲಿ ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ಬಂತು. ಬೀದರದಿಂದ ಅತ್ತ ಹಬ್ಬಿದ ಪ್ರಸ್ಥಭೂಮಿಯಲ್ಲಿ ಸಾಕ್ಷಾತ್ ನಮ್ಮ ಮುರಕಲ್ಲೇ ಇದೆ. ಅಮ್ಮ ಕಾರು ನಿಲ್ಲಿಸಲು ಹೇಳಿ ಇಳಿದು, ಒಂದು ಹಿಡಿ ಮಣ್ಣು ಎತ್ತಿ, "ಇದು ನಮ್ಮಲ್ಲಿಯದೇ" ಎಂದಳು. ಏಳು ತಿಂಗಳಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಜಹೀರಾಬಾದಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಇದೆ. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳ ಹೆಂಗಸರು, ಬಹುಪಾಲು ದಲಿತ ಮನೆಗಳವರು, ಸಿರಿಧಾನ್ಯದ ಹತ್ತಾರು ತಳಿಗಳ ಬೀಜಗಳನ್ನು ಮನೆಮನೆಯಲ್ಲಿ ಕಾಪಾಡಿದ್ದಾರೆ. 2008ರಲ್ಲಿ ಸ್ವಂತ ರೇಡಿಯೋ ಕೇಂದ್ರವನ್ನೂ ತೆರೆದರು. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಆ ಬೀಜಗಳನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿಟ್ಟು ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಹೋಗುತ್ತಾರೆ. ನಾವು ಆ ಗಾಡಿಗಳನ್ನು ನೋಡಿದೆವು. ಬೀಜ ತುಂಬಿದ ಮಡಕೆಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. ಕಾಕಿ ಪಕ್ಕದಲ್ಲಿ ನಿಂತು, ಬೂದಿ ಬೇವಿನೆಲೆ ಬೆರೆಸಿ ಬೀಜ ಇಡುವುದು ಹೇಗೆಂದು ಕೈಯಲ್ಲೇ ತೋರಿಸಿದಳು. ಅಮ್ಮ ತಾನು ಮಾಡುವುದನ್ನು ಕೈಯಲ್ಲೇ ತೋರಿಸಿದಳು. ಅಂದಿನಿಂದ ಇಬ್ಬರಿಗೂ ಮಾತು ತಿಳಿಯತೊಡಗಿತು.

ಕಾಕಾರ ಹೊಲದಲ್ಲಿ ಮೇಲೆ ಕೆಂಪು, ಕೆಳಗೆ ಇಳಿಜಾರಿನ ಮೂಲೆಯಲ್ಲಿ ಕಪ್ಪು. ಆ ಮೂಲೆ ಹತ್ತು ಗುಂಟೆ. ಅಲ್ಲಿ ಹುಲ್ಲು ಸಹ ಇರಲಿಲ್ಲ. ವರ್ಷಗಟ್ಟಲೆ ಕೊಳವೆಬಾವಿಯ ಸವಳು ನೀರು ಹಾಯಿಸಿ ಕಬ್ಬು ಬೆಳೆದಿದ್ದರು. ಆಮೇಲೆ ನೆಲ ಒಣಗಿದರೆ ಫರಸಿ, ನೆನೆದರೆ ಸಾಬೂನು ಎಂಬಂತಾಯಿತು. "ಚೌಳಾಗ್ಯಾದ" ಎಂದರು ಕಾಕಾ. ತೆಲುಗಿನಲ್ಲಿ ಅದೇ ಮಾತು ಚೌಡು. ಮಗ ಆ ಹೊಲವನ್ನು ಮಾರೋಣ ಎನ್ನುತ್ತಿದ್ದ. ಕಾಕಾರಿಗೆ ಮನಸ್ಸಿರಲಿಲ್ಲ, ಆದರೆ ಬೇಡ ಎನ್ನಲು ಕಾರಣವೂ ಇರಲಿಲ್ಲ.

ಅವರು ನನ್ನ ಕೈಗೆ ಒಂದು ಕಾಗದ ಕೊಟ್ಟರು. 2015ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಮಣ್ಣು ಆರೋಗ್ಯ ಚೀಟಿ. ಎಲ್ಲ ತೆಲುಗಿನಲ್ಲಿ. ಕಾಕಾರಿಗೆ ತೆಲುಗು ಅಕ್ಷರ ಬರುತ್ತದೆ, ಆ ಶಬ್ದಗಳ ಅರ್ಥ ತಿಳಿಯದು. ನನಗೆ ಅರ್ಥ ತಿಳಿದೀತು, ಅಕ್ಷರ ಬಾರದು. ಬದುವಿನ ಮೇಲೆ ಕೂತು, ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ನಾನು ಅದು ಗಂಧಕ, ಇದು ಸತು, ಇದು ಬೋರಾನ್ ಎಂದು ಹೇಳುತ್ತಾ ಹೋದೆ. ನಮ್ಮಲ್ಲಿ ಮಲಯಾಳದಲ್ಲಿ ಬಂದ ಸರಕಾರಿ ಕಾಗದಗಳನ್ನು ಅಪ್ಪ ಹೀಗೆಯೇ ಯಾರದೋ ಬಾಯಲ್ಲಿ ಓದಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ಚೀಟಿಯಲ್ಲಿ ಹನ್ನೆರಡು ಬಾಬತ್ತು. ರಸಸಾರ, ಅಂದರೆ ಪಿಎಚ್, 9.2 ಎಂದಿತ್ತು. ಅದು ಎಂಟೂವರೆ ದಾಟಿದರೆ ಸೋಡಿಯಂ ಇರಬೇಕೆಂಬ ಗುಮಾನಿ. ಆದರೆ ಆ ಹನ್ನೆರಡರಲ್ಲಿ ಸೋಡಿಯಂ ಇಲ್ಲ. ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.

ಎರಡು ಕಡೆಯ ಮಣ್ಣನ್ನೂ ಪರೀಕ್ಷೆಗೆ ಕೊಟ್ಟೆವು. ಮಣ್ಣು ತೆಗೆದುಕೊಂಡ ಅಧಿಕಾರಿ, "ಫಲಿತಾಂಶ ಬರುವ ಮೊದಲೇ ಮನೆಯಲ್ಲಿ ನೋಡಬಹುದು" ಎಂದು ಒಂದು ಉಪಾಯ ಹೇಳಿಕೊಟ್ಟರು. ಗಾಜಿನ ಲೋಟದಲ್ಲಿ ಮಳೆನೀರೋ ಬಟ್ಟಿ ಇಳಿಸಿದ ನೀರೋ ತೆಗೆದುಕೊಂಡು, ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಇಳಿಸಬೇಕು, ಅಲುಗಿಸಬಾರದು. ಅಡುಗೆಮನೆಯ ಕಿಟಕಿಯಲ್ಲಿ ಎರಡು ಲೋಟ ಇಟ್ಟೆ. ನಮ್ಮ ಹಿತ್ತಿಲ ಹೆಂಟೆ ಉದುರಿ ಪುಡಿಯಾಯಿತು, ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ಕಾಕಾರ ಹೊಲದ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಎದ್ದು, ಮರುದಿನಕ್ಕೆ ಲೋಟವೆಲ್ಲ ಕದಡಿತ್ತು. ಫಲಿತಾಂಶವೂ ಹಾಗೆಯೇ ಬಂತು.

ಸಂಗತಿ ಇಷ್ಟೆ. ಜೇಡಿಯ ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಕ್ಯಾಲ್ಸಿಯಂ. ಸೋಡಿಯಂ ಹೆಚ್ಚಾದರೆ ಆ ಹಿಡಿತ ತಪ್ಪಿ ಕಣಗಳು ಚದರಿ, ನೀರು ಗಾಳಿ ಇಳಿಯುವ ಸಂದುಗಳನ್ನು ಮುಚ್ಚುತ್ತವೆ. ಜಿಪ್ಸಂ ಕ್ಯಾಲ್ಸಿಯಂ ಕೊಟ್ಟು ಸೋಡಿಯಂ ಅನ್ನು ಬಿಡಿಸುತ್ತದೆ. ಬಿಟ್ಟ ಸೋಡಿಯಂ ನೀರಿನ ಜೊತೆ ಬಸಿದು ಹೋಗಬೇಕು. ಸೋಡಿಯಂ ಇಲ್ಲದ ಕಡೆ ಜಿಪ್ಸಂಗೆ ಬಿಡಿಸಲು ಏನೂ ಇಲ್ಲ. ನಮ್ಮ ಹಿತ್ತಿಲ ಮಣ್ಣು ಗಟ್ಟಿ ಇದ್ದದ್ದು ಅದರ ಹುಟ್ಟುಗುಣ, ರೋಗವಲ್ಲ. ಇಪ್ಪತ್ತೈದು ಕಿಲೊ ಔಷಧವನ್ನು ನಾನು ಆರೋಗ್ಯವಂತನಿಗೆ ಕುಡಿಸಿದ್ದೆ, ಅದನ್ನು ಕರಗಿಸುವ ಭರದಲ್ಲಿ ಬೀಜಗಳನ್ನು ಮುಳುಗಿಸಿ ಕೊಂದಿದ್ದೆ. ಇನ್ನು ಆ ಸಾವಿರ ಕಿಲೊ ಕಾಯಿಗಳ ಬೀಜವೇ ಬೇರೆ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವರ್ಡ್ ಡಿಲ್ ಎಂಬ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿಯ ಸಂತತಿ ಅದು. ಅಮ್ಮನ ಚೀನಿಕಾಯಿಗೆ ಮೂಟೆ ಜಿಪ್ಸಂ ಹಾಕಿದರೂ ಅದು ಚೀನಿಕಾಯಿಯೇ.

"ಶೇಂಗಾಕ್ಕ ನಾವೂ ಜಿಪ್ಸಂ ಹಾಕ್ತೀವ್ರಿ, ಎಕರೆಕ ಎರಡು ಕ್ವಿಂಟಲ್. ಚೌಳಿಗೂ ಆಗ್ತದಂತ ಗೊತ್ತಿರಲಿಲ್ಲ" ಎಂದರು ಕಾಕಾ. ಅವರ ಮೂಲೆಗೆ ಎಕರೆಗೆ ಎರಡು ಟನ್ನಿನ ಲೆಕ್ಕದಲ್ಲಿ ಅರ್ಧ ಟನ್ನು ಬೇಕೆಂದು ಹೇಳಿದ್ದರು. ಹತ್ತು ಮೂಟೆ ಕೊಂಡರು. ಪಡಸಾಲೆಯಲ್ಲಿದ್ದ ನನ್ನ ಅರ್ಧ ಮೂಟೆಯೂ ಅದರೊಂದಿಗೆ ಹೋಯಿತು. ಮೊದಲು ಬಸಿಗಾಲುವೆ ತೋಡಿಸಿದರು, ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಮೇ ಕೊನೆಗೆ ಜಿಪ್ಸಂ ಎರಚಿ, ಮೇಲುಮಣ್ಣಿಗೆ ಬೆರೆಸಿ, ಬದು ಕಟ್ಟಿ ಮಳೆಗೆ ಬಿಟ್ಟರು. ನಾನು ಮತ್ತೆ ಲೆಕ್ಕ ಹಾಕಿದೆ: ಆ ಹತ್ತು ಗುಂಟೆಗೆ ಇನ್ನೂರು ಮಿಲಿಮೀಟರ್ ಮಳೆ ಬಿದ್ದರೆ ಅಷ್ಟೂ ಕರಗುತ್ತದೆ. ಡ್ರಮ್ಮು ಹೊರುವ ಕೆಲಸ ಇಲ್ಲ. ಆಮೇಲೆ ಡಯಂಚ ಬಿತ್ತಿ ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರು.

ಇತ್ತ ಜೂನಿನಲ್ಲಿ ನಾನು ಅಮ್ಮನ ಮುಂದೆ ಕೈ ಚಾಚಿದೆ. ಅವಳು ಗಂಟು ಬಿಚ್ಚಿ ನಾಲ್ಕೂ ಬೀಜಗಳನ್ನು ಕಾಕಿಯ ಕೈಗೆ ಹಾಕಿದಳು. ನನಗೆ ನೋವಾಯಿತು, ಆಗಲಿಲ್ಲ ಎನ್ನಲಾರೆ. ಕಾಕಿ ಗುಂಡಿ ತೋಡಲಿಲ್ಲ; ತಿಪ್ಪೆಯ ಹಳೇ ಗೊಬ್ಬರ, ಮೇಲುಮಣ್ಣು ಬೆರೆಸಿ ಮೊಣಕಾಲೆತ್ತರದ ದಿಬ್ಬ ಮಾಡಿ ಅದರ ಮೇಲೆ ಊರಿದಳು. ಬಳ್ಳಿ ಹರಿದಂತೆ ಗೆಣ್ಣುಗಳ ಮೇಲೆ ಅಮ್ಮ ಒಂದೊಂದು ಬೊಗಸೆ ಮಣ್ಣು ಹಾಕಿ ಹೊಸ ಬೇರು ಬರಿಸಿದಳು. ಪಕ್ಕದ ಹಿತ್ತಿಲುಗಳಲ್ಲೂ ಕುಂಬಳ ಇತ್ತು. ತಳಿ ಬೆರೆಯಬಾರದೆಂದು ಮರುದಿನ ಅರಳಲಿರುವ ಹೆಣ್ಣು ಹೂವಿಗೂ ಗಂಡು ಹೂವಿಗೂ ಸಂಜೆಯೇ ದಾರ ಕಟ್ಟಿ, ಬೆಳಗ್ಗೆ ಬಿಚ್ಚಿ, ಒಂದನ್ನೊಂದಕ್ಕೆ ಸವರಿ, ಮತ್ತೆ ಕಟ್ಟಿದಳು. ನನಗೆ ಕೊಟ್ಟ ಕೆಲಸ ದಾರ ಹಿಡಿದುಕೊಂಡು ನಿಲ್ಲುವುದು. ಒಂದು ಬಳ್ಳಿಗೆ ಒಂದೇ ಕಾಯಿ ಬಿಟ್ಟು ಉಳಿದ ಹೀಚುಗಳನ್ನು ಚಿವುಟಿದರು. ದೈತ್ಯ ಕುಂಬಳದವರು ಮಾಡುವುದೂ ಇದನ್ನೇ ಎಂದು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ದೀಪಾವಳಿಯ ಹೊತ್ತಿಗೆ ಕಾಯಿಗಳು ಬಲಿತವು. ಎಲ್ಲಕ್ಕಿಂತ ದೊಡ್ಡದನ್ನು ಕಾಕಾರ ಮಗನ ಅಂಗಡಿಯ ತಕ್ಕಡಿಗೆ ಇಟ್ಟರೆ ಹದಿನೇಳು ಕಿಲೊ. ನಮ್ಮೂರಲ್ಲಿ ಅದು ಎಂದೂ ಅಷ್ಟು ತೂಗಿರಲಿಲ್ಲ. ಅರ್ಧದಲ್ಲಿ ಕಾಕಿ ಬೆಲ್ಲ ಹಾಕಿ ಗಾರಿಗೆ ಕರಿದಳು, ಅರ್ಧದಲ್ಲಿ ಅಮ್ಮ ಕೊದಿಲು ಮಾಡಿದಳು. ಬೀಜಗಳನ್ನು ಎಣಿಸಿ ನಾಲ್ಕು ಪಾಲು ಮಾಡಿ, ಒಂದನ್ನು ಕಾಕಿಗೂ, ಒಂದನ್ನು ನಾರಾಯಣಖೇಡದ ಮಗಳಿಗೂ, ಒಂದನ್ನು ಅಂಚೆಯಲ್ಲಿ ತಮ್ಮನಿಗೂ ಕಳಿಸಿದಳು. ನಾಲ್ಕನೆಯದನ್ನು ನನ್ನ ಕೈಗೆ ಕೊಟ್ಟು, "ಈ ಸಲ ನೆಲವನ್ನು ಕೇಳಿ ಹಾಕು" ಎಂದಳು.

ಅಮ್ಮ 2021ರಲ್ಲಿ ತೀರಿಕೊಂಡಳು. ಕಾಕಾರ ಮೂಲೆ ಪೂರ್ತಿ ಸರಿಯಾಯಿತೆಂದು ಹೇಳಲಾರೆ. ಎರಡನೆಯ ವರ್ಷ ಅರ್ಧ ಭಾಗದಲ್ಲಿ ಜೋಳ ಎದ್ದು ನಿಂತಿತು, ಉಳಿದರ್ಧ ಇನ್ನೂ ಬೋಳು. ಮಾರುವ ಮಾತು ಮಾತ್ರ ನಿಂತಿತು.

2022ರಲ್ಲಿ ನಿವೃತ್ತನಾಗಿ ನಾನು ಊರಿಗೆ ಬಂದೆ. ಬೀಜ ಊರುವ ಮೊದಲು ಹಿತ್ತಿಲ ಮಣ್ಣನ್ನು ಪರೀಕ್ಷೆಗೆ ಕೊಟ್ಟೆ. ಚೀಟಿ ಬಂತು, ಮಲಯಾಳದಲ್ಲಿ. ಪಕ್ಕದ ಮನೆಯ ಹುಡುಗಿ ಮಲಯಾಳ ಮಾಧ್ಯಮದಲ್ಲಿ ಏಳನೆಯ ತರಗತಿ. ಜಗಲಿಯಲ್ಲಿ ಕೂತು ಅವಳು ಅಕ್ಷರ ಓದಿದಳು, ನಾನು ಅರ್ಥ ಹೇಳಿದೆ. ಮಣ್ಣು ಹುಳಿ ಇದೆ, ಕುಮ್ಮಾಯ ಹಾಕಬೇಕು ಎಂದಿತ್ತು. "ಕುಮ್ಮಾಯ ಎಂದರೆ ಸುಣ್ಣ" ಎಂದಳು ಹುಡುಗಿ, ನನಗೆ ಗೊತ್ತಿಲ್ಲವೆಂದು ತಿಳಿದು. ಹೌದು, ಅಮ್ಮ ಹೇಳಿದ್ದು ಅದನ್ನೇ. ಅವಳು ಹೇಳಿದ್ದು ಈ ಮಣ್ಣಿನ ಮಾತು.

ಸುಣ್ಣ ತಂದು ಹಾಕಿದೆ. ಹೆಗಲಿಗೆ ಹತ್ತಿದ ಪುಡಿಯನ್ನು ಈ ಸಲ ಕೊಡವಿಕೊಳ್ಳಲಿಲ್ಲ.